ನಡುವೆ ಏಳದ ಗುಡ್ಡ

ಇನ್ನೊಂದು ಬಿತ್ತು, ಎಡಗಡೆಯ ಎರಡನೆಯ ಗುಡ್ಡದ ನೆತ್ತಿಯ ಮೇಲೆ, ಸಾಸಿವೆ ಕಾಳಿನಷ್ಟೂ ಇಲ್ಲದ ಬಿಳಿ ಚುಕ್ಕೆ, ಈಗ ಬಲಗಡೆಯದರ ಮೇಲೆ ಎರಡು ಬೆನ್ನು ಬೆನ್ನಿಗೆ, ನಡುವೆ ಇಲ್ಲ, ನಡುವೆ ಮಾತ್ರ ಬೀಳಬೇಡ ಮಾರಾಯ, ಬೇರೆ ಎಲ್ಲಿ ಬೇಕಾದರೂ ಬೀಳು — ಯಾರಿಗೆ ಹೇಳುತ್ತಿದ್ದಾಳೆ ಜಗದಾಂಬಾ, ಬೆಳಕಿಗೋ, ಕಂಪ್ಯೂಟರಿಗೋ, ಮೂವತ್ತನಾಲ್ಕು ವರ್ಷದ ಫಿಸಿಕ್ಸ್ ಮೇಡಂ ಹೀಗೆ ಕತ್ತಲೆಯಲ್ಲಿ ಕೂತು ಪರದೆಗೆ ಮಾರಾಯ ಎನ್ನುವುದನ್ನು ಬಿ.ಎಸ್ಸಿ. ಹುಡುಗಿಯರು ಕೇಳಿಸಿಕೊಂಡರೆ ಮುಗಿಯಿತು, ನಾಳೆ ಕ್ಯಾಂಟೀನಿನಲ್ಲಿ ಅದೇ ಕಥೆ. ಹೊರಗೆ ಮಧ್ಯಾಹ್ನ ಎರಡು ಗಂಟೆಯ ಶಿವಮೊಗ್ಗದ ಬಿಸಿಲು, ಒಳಗೆ ಕಿಟಕಿಗಳಿಗೆಲ್ಲ ಕರಿ ಬಟ್ಟೆ, ಬಾಗಿಲ ಸಂದಿಗೆ ಗೋಣಿತಟ್ಟು, ಬಸ್‌ಸ್ಟ್ಯಾಂಡ್ ಕಡೆಯ ಹಾರನ್ನು ಮಾತ್ರ ಹೇಗೋ ನುಸುಳಿಕೊಂಡು ಬರುತ್ತದೆ, ಬರಲಿ, ಸದ್ದು ಬಂದರೆ ತೊಂದರೆಯಿಲ್ಲ, ಬೆಳಕು ಬರಬಾರದು. ಪರದೆಯ ಮೇಲಿನ ಸಾಲಿನಲ್ಲಿ ಎಡಕ್ಕೆ ಮೂರು ಗುಡ್ಡ ಬೆಳೆಯಬೇಕು, ಬಲಕ್ಕೆ ಮೂರು ಬೆಳೆಯಬೇಕು, ನಡುವಿನದು ಏಳಲೇಬಾರದು, ಅಷ್ಟೇ, ಅಷ್ಟಕ್ಕಾಗಿ ಆರು ವರ್ಷ — ಪಕ್ಕದ್ದು ಇಪ್ಪತ್ತೆರಡು, ಅದರಾಚೆಯದು ಹತ್ತೊಂಬತ್ತು, ಈಚೆಯದು ಇಪ್ಪತ್ತನಾಲ್ಕು, ನಡುವೆ ಮೂರು. ಮೂರು ಎಂದರೆ ಹೆದರುವಂಥದ್ದಲ್ಲ, ಬೆಳಕು ತಾಗಿದ್ದನ್ನು ಎಣಿಸುವ ಡಿಟೆಕ್ಟರು ಕತ್ತಲಲ್ಲೂ ಒಮ್ಮೊಮ್ಮೆ ನಿದ್ದೆಗಣ್ಣಿನವರ ಹಾಗೆ ಸುಮ್ಮನೆ ಟಕ್ ಎನ್ನುತ್ತದೆ, ಆದರೆ ಈಗಲೇ ಹಿಗ್ಗುವುದು ಬೇಡ, ನಾಲ್ಕು ಗಂಟೆಗೆ ಗೈಡ್ ಚಂದ್ರಹಾಸ ಸರ್ ಬರುತ್ತಾರೆ, ಸ್ಯಾಂಪಲನ್ನು ಡಬ್ಬಿಗೆ ಹಾಕಿ ಸೀಲು ಮಾಡುತ್ತಾರೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಕೊರಿಯರಿನವನು, ಆಮೇಲೆ ಅದು ಬಂದ ದಾರಿಯಲ್ಲೇ ಜರ್ಮನಿಗೆ, ಆಮೇಲೆ ಅವಳು ಸೆಪ್ಟೆಂಬರಿನಲ್ಲಿ ಹೇಳಿದ್ದು ನಿಜವೋ ಸುಳ್ಳೋ ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಸ್ಯಾಂಪಲ್ ಎಂದರೆ ಏನು, ಕಿರುಬೆರಳಿನ ಉಗುರಿನಲ್ಲಿ ಅರ್ಧ, ಬೂದು ಬಣ್ಣದ ಚೂರು, ಕೈಜಾರಿ ಬಿದ್ದರೆ ಲ್ಯಾಬ್ ಅಟೆಂಡರ್ ಉಜ್ಜನಪ್ಪ ಕಸಬರಿಗೆಯಲ್ಲಿ ಗುಡಿಸಿ ಹಾಕಿಬಿಡುತ್ತಾರೆ, ಸರ್ ಅವರ ಹಳೆಯ ಗೆಳೆಯರೊಬ್ಬರು ಆರು ತಿಂಗಳಿಗೆಂದು ಕೊಟ್ಟದ್ದು, ಅದರ ಮೇಲೆ ಕಣ್ಣಿಗೆ ಕಾಣದ ಕಂಬಗಳು ಸಾವಿರಾರು, ಒಂದೊಂದು ಕಂಬದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಕಂಬದೊಳಗೆ ಮೇಲೆ ಕನ್ನಡಿ ಕೆಳಗೆ ಕನ್ನಡಿ, ನಡುವಿನ ಇಕ್ಕಟ್ಟಿನಲ್ಲಿ ಒಂದು ಚುಕ್ಕೆ, ಕೂದಲನ್ನು ಹತ್ತು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು, ಕ್ವಾಂಟಂ ಡಾಟ್, ನೇರಳೆ ಲೇಸರು ಒಂದು ಸಲ ತಟ್ಟಿದರೆ ಆ ಚುಕ್ಕೆ ಒಂದೇ ಒಂದು ಹಸಿರು ಫೋಟಾನನ್ನು, ಬೆಳಕಿನ ಒಂದೇ ಕಾಳನ್ನು, ಉಗುಳುತ್ತದೆ, ಎರಡು ಉಗುಳಲು ಅದಕ್ಕೆ ಬರುವುದಿಲ್ಲ, ಕನ್ನಡಿಗಳು ಅದನ್ನು ಅತ್ತಿತ್ತ ಹೋಗಗೊಡದೆ ನೆತ್ತಿಯಿಂದ ನೇರ ಮೇಲಕ್ಕೆ ಕಳಿಸುತ್ತವೆ. ಬೆಳಕಲ್ಲಿ ಒಂದು ಅಂತ ಇರ್ತದೇನೇ, ಅಪ್ಪ ಕೇಳಿದ್ದ, ಭದ್ರಾವತಿಯ ಮನೆಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದ ಶೇಷಪ್ಪ, ಕುದಿಯುವ ಕಬ್ಬಿಣದ ಬಾನಿಯನ್ನು ಜನರ ತಲೆಯ ಮೇಲೆ ತೂಗಾಡಿಸಿದವನು, ಅವನಿಗೆ ಬೆಳಕೆಂದರೆ ಮೈ ಸುಡುವಂಥದ್ದು, ಎಣಿಸುವಂಥದ್ದಲ್ಲ. ಟಾಕೀಸ್ ಬಿಟ್ಟಾಗ ಜನ ದಬದಬ ಅಂತ ಬರಲ್ವಾ ಅಪ್ಪ, ಅದು ಬಲ್ಬಿನ ಬೆಳಕು, ಟಿಕೆಟ್ ಕೌಂಟರ್ ಕಂಬಿ ಒಳಗೆ ಒಬ್ಬೊಬ್ರೇ ಹೋಗ್ತಾರಲ್ಲ, ಅದು ನಂದು. ಸರಿ, ಒಂದೇ ಬಂತು ಅಂತ ನೀನು ನೋಡಿದ್ಯಾ. ನೋಡು, ಏಳನೇ ಕ್ಲಾಸು ಓದಿದ ಅಪ್ಪ ಒಂದೇ ಪ್ರಶ್ನೆಗೆ ಥೀಸಿಸ್‌ನ ಬುಡಕ್ಕೇ ಕೈ ಹಾಕಿದ್ದ, ನೋಡಕ್ಕಾಗಲ್ಲ ಅಪ್ಪ, ದಾರೀಲಿ ಒಂದು ಅರೆಗನ್ನಡಿ ಇಡ್ತೀವಿ, ಅರ್ಧ ಬೆಳಕು ತೂರಿ ಹೋಗ್ತದೆ, ಅರ್ಧ ಪಕ್ಕಕ್ಕೆ ತಿರುಗ್ತದೆ, ಎರಡೂ ಕಡೆ ಒಂದೊಂದು ಡಿಟೆಕ್ಟರ್, ಫೋಟಾನ್ ಒಂದೇ ಆದ್ರೆ ಈ ಕಡೆ ಇಲ್ಲ ಆ ಕಡೆ, ಇಬ್ಬರೂ ಒಂದೇ ಹೊತ್ತಿಗೆ ಟಕ್ ಅನ್ನಕ್ಕಾಗಲ್ಲ, ಒಬ್ರು ಮುಂಚೆ ಒಬ್ರು ಆಮೇಲೆ ಅಂದಿದ್ದೆಲ್ಲ ಅಕ್ಕಪಕ್ಕ ಗುಡ್ಡೆ ಬೀಳ್ತದೆ, ಇಬ್ಬರೂ ಒಟ್ಟಿಗೆ ಅಂದಿದ್ದೆಲ್ಲ ನಡುವೆ ಬೀಳ್ತದೆ, ನಡುವೆ ಬೀಳದಿದ್ರೆ ಗೆದ್ದೆ. ಅಪ್ಪ ಎಲೆ ಮಡಚಿದ, ಒಬ್ಳೇ ಮಗಳು ಎರಡು ಮನೆಗೆ ಸೊಸೆ ಆಗಕ್ಕಾಗಲ್ಲ, ಅಷ್ಟೇ ತಾನೆ, ಅಂದ. ಒಳಗಿನಿಂದ ಅಮ್ಮ, ಒಂದು ಮನೆಗಾದ್ರೂ ಆಗ್ಲಿ ಮೊದ್ಲು. ನಗು ಬರುತ್ತಿದೆ ಈಗ, ಕತ್ತಲಲ್ಲಿ ಒಬ್ಬಳೇ ನಗುತ್ತಿದ್ದಾಳೆ, ಮೂವತ್ತೊಂದು, ಇಪ್ಪತ್ತೆಂಟು, ಮೂವತ್ತು, ನಡುವೆ ಮೂರೇ.

ಸೆಪ್ಟೆಂಬರಿನಲ್ಲಿ ಹೀಗೇ ಇತ್ತು, ಗಣಪತಿ ಬಿಡುವ ದಿನ, ಬೀದಿಯಲ್ಲಿ ಡೊಳ್ಳು ಬಡಿಯುತ್ತಿದ್ದರೆ ಅವಳು ಇದೇ ಸ್ಟೂಲಿನ ಮೇಲೆ ಕೂತು ನೋಡಿದ್ದಳು, ಅಕ್ಕಪಕ್ಕ ಐವತ್ತು, ನಡುವೆ ಹದಿನಾಲ್ಕು, ಅರ್ಧಕ್ಕಿಂತ ಕೆಳಗೆ ಹೋದರೆ ಒಂಟಿ ಫೋಟಾನೆಂದು ಜಗತ್ತು ಒಪ್ಪುತ್ತದೆ, ಅವಳದು ಮೂರರಲ್ಲೊಂದಕ್ಕೂ ಕಡಿಮೆ. ಗ್ರಾಫನ್ನು ಪ್ರಿಂಟು ಹಾಕಿಸಿ ಮರುದಿನ ರವೀಂದ್ರನಗರದ ಸರ್ ಮನೆಗೆ ಒಯ್ದಳು, ಸರ್ ಕನ್ನಡಕ ಹಣೆಗೇರಿಸಿ ನೋಡಿದರು, ಕೆಳಗಿಳಿಸಿ ನೋಡಿದರು, ರಿಟೈರಾಗಲು ಇನ್ನೆರಡು ವರ್ಷ, ಇಡೀ ಸರ್ವೀಸಿನಲ್ಲಿ ಹಳೆ ಉಪಕರಣ ಬೇಡಿ ತಂದು, ರಿಪೇರಿ ಮಾಡಿ, ಇಂಥದೊಂದು ಕಾಗದಕ್ಕಾಗಿ ಕಾದ ಮನುಷ್ಯ, ಆದರೆ ಬಾಯಿಬಿಟ್ಟು ಹೊಗಳಿದರೆ ಅವರ ಗಂಟೇನು ಹೋಗುತ್ತಿತ್ತೋ, ಮೂರು ಸಲ ಬಂದ್ರೆ ನಮ್ದು ಜಗದಾಂಬಾ, ಒಂದು ಸಲ ಬಂದ್ರೆ ದೇವ್ರದ್ದು, ಇನ್ನೆರಡು ಸಲ ತೆಗಿ, ಅಂದರು. ತೆಗೆಯೋಣ, ಅದಕ್ಕೇನು, ದಸರಾ ರಜೆ ಮುಗಿಯಲಿ. ರಜೆ ಮುಗಿಯಿತು, ಬಂದು ಯಂತ್ರ ಹಚ್ಚಿದಳು, ನಡುವಿನ ಗುಡ್ಡ ಎದ್ದಿತು. ಕರೆಯದ ಮದುವೆಗೆ ಬಂದು ಮೊದಲ ಪಂಕ್ತಿಗೇ ಕೂತವನ ಹಾಗೆ, ಅಕ್ಕಪಕ್ಕ ಐವತ್ತಕ್ಕೆ ನಡುವೆ ಮೂವತ್ತಾರು, ಮರುದಿನ ಮೂವತ್ತೆಂಟು, ಕಂಬ ಬದಲಾಯಿಸಿದಳು, ವೈರು ಬದಲಾಯಿಸಿದಳು, ಅರೆಗನ್ನಡಿ ಬಿಚ್ಚಿ ಒರೆಸಿ ಕೂರಿಸಿದಳು, ಬಾಗಿಲ ಸಂದಿಗೆ ಗೋಣಿ ತುರುಕಿದ್ದು ಆಗಲೇ, ದಿನಾ ಬೆಳಿಗ್ಗೆ ಏಳೂವರೆ ಬಸ್ಸಿಗೆ ಭದ್ರಾವತಿ ಬಿಟ್ಟು ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವುದು, ಇಪ್ಪತ್ತಾರು ದಿನ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವಳಿಗೆ ತುತ್ತು ಬಾಯೊಳಗೆ ಹೋಗಿ ವಾಪಸ್ಸು ಬಂದಿತ್ತು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಸರ್ ಫೋನು ಮಾಡಿದರು, ಸೆಪ್ಟೆಂಬರಿಂದು ರಾ ಫೈಲ್ ಇದೆಯಲ್ಲಮ್ಮ, ಅದನ್ನ ನಂಗೆ ಕಳ್ಸು, ತಾರೀಖು ಟೈಮು ಸಮೇತ ಕಳ್ಸು, ಸುಮ್ನೆ ಒಂದ್ಸಲ ನೋಡೋಣ ಅಂತ. ಸುಮ್ನೆ. ಆ ಸುಮ್ನೆ ಎಷ್ಟು ಭಾರ ಇತ್ತೆಂದು ಅವಳಿಗೆ ಗೊತ್ತು, ನೀನು ಅಂಕಿ ತಿದ್ದಿದೆಯಾ ಎಂದು ನೇರವಾಗಿ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು, ಕಳಿಸಿದಳು, ಸರಿ ಇದೆ ಎಂದೂ ಅವರು ಹೇಳಲಿಲ್ಲ, ಸರಿ ಇಲ್ಲ ಎಂದೂ ಹೇಳಲಿಲ್ಲ. ಅವತ್ತು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು, ಪಕ್ಕದಲ್ಲಿ ಕೂತಿದ್ದ ಪೇಪರ್‌ಟೌನಿನ ತಮಿಳು ಅಜ್ಜಿ ಏನೂ ಕೇಳದೆ ಒಂದು ಸಿಪ್ಪೆ ಸುಲಿದ ಕಿತ್ತಳೆ ಕೈಗಿಟ್ಟಳು, ಅದನ್ನೂ ಅಳುತ್ತಲೇ ತಿಂದಳು.

ನಾಲ್ಕು. ನಡುವೆ ನಾಲ್ಕಾಯಿತು, ಯಾವಾಗ ಬಿತ್ತು, ಕಣ್ಣು ಅತ್ತ ಇದ್ದಾಗ ಬಿದ್ದಿರಬೇಕು, ಇರಲಿ, ಅಕ್ಕಪಕ್ಕ ನಲವತ್ತಕ್ಕೆ ಬಂದಿದೆ, ನಲವತ್ತಕ್ಕೆ ನಾಲ್ಕು ಹತ್ತರಲ್ಲೊಂದು, ಮೈ ಜುಮ್ಮೆನ್ನುತ್ತದೆ, ಅರಿಶಿನವೇ, ಅರಿಶಿನವೇ ಆಗಿತ್ತು. ಇವತ್ತು ಬೆಳಿಗ್ಗೆ ಅಮ್ಮ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡಳು, ಸುವರ್ಣಮ್ಮನ ಬಾಯಿ ಕೈಗಿಂತ ಮುಂದೆ ಓಡುತ್ತದೆ, ಪಕ್ಕದ ಮನೆಯ ಸೊಸೆಯ ಸುದ್ದಿ ಹೇಳುತ್ತ ಹೇಳುತ್ತ ಕಚಕ್, ಜಗದಾಂಬಾ ಡಬ್ಬಿಯಿಂದ ಅರಿಶಿನ ತೆಗೆದು ಗಾಯಕ್ಕೆ ಒತ್ತಿ ಹಿಡಿದಳು, ರಕ್ತ ನಿಂತಿತು, ಬಸ್ಸಿಗೆ ಹೊತ್ತಾಯಿತೆಂದು ಸೋಪು ಹಚ್ಚಿ ತೊಳೆದು ಓಡಿದಳು. ಬೆಳಗಿನ ಕ್ಲಾಸು ಮುಗಿಸಿ ಹತ್ತು ಗಂಟೆಗೆ ಲ್ಯಾಬಿಗೆ ಬಂದು ಕಿತ್ತಳೆ ಗಾಜಿನ ಕನ್ನಡಕ ಹಾಕಿಕೊಂಡು ಲೇಸರು ಹಚ್ಚಿದಳು, ಆ ಕನ್ನಡಕದಲ್ಲಿ ನೇರಳೆ ಕಾಣುವುದಿಲ್ಲ, ಕಣ್ಣಿಗೆ ಒಳ್ಳೆಯದು, ಆದರೆ ಬೆಳಕು ಎಲ್ಲಿದೆಯೆಂದು ಹುಡುಕಲು ನೇರಳೆ ತಾಗಿದಲ್ಲಿ ಹೊಳೆಯುವ ಬಿಳಿ ಕಾರ್ಡು ಬೇಕು, ಕಾರ್ಡು ಎಲ್ಲೋ ಬಿದ್ದಿತ್ತು, ಅವಸರಕ್ಕೆ ಬೆರಳನ್ನೇ ಅಡ್ಡ ಹಿಡಿದಳು, ಮಕ್ಕಳಿಗೆ ಮಾಡಬೇಡಿ ಎಂದು ವರ್ಷವೆಲ್ಲ ಬೈಯುವ ಕೆಲಸ — ಬೆರಳ ತುದಿ ಹತ್ತಿ ಉರಿಯಿತು. ಉರಿಯಲ್ಲ, ಹಸಿರು, ಹಳದಿ ಬೆರೆತ ಹಸಿರು, ಉಗುರಿನ ಸಂದಿಯಲ್ಲಿ ಒಂದು ಗೀರು ಮಿಂಚುಹುಳುವಿನ ಹಾಗೆ ಬೆಳಗುತ್ತಿತ್ತು, ಬೆರಳು ಸರಿಸಿದರೆ ಆರುತ್ತದೆ, ತಂದರೆ ಹೊತ್ತುತ್ತದೆ, ಚುಕ್ಕೆ ಉಗುಳುವ ಹಸಿರಿನ ಪಕ್ಕದ ಹಸಿರೇ ಅದು. ಕೂತುಬಿಟ್ಟಳು. ಸೋಪಿಗೂ ಹೋಗದೆ ಉಳಿದ ಅರಿಶಿನ.

ಆಯುಧಪೂಜೆ. ಕಾರ್ಖಾನೆಯ ಆಯುಧಪೂಜೆ ಎಂದರೆ ಮನೆಮಂದಿಗೆಲ್ಲ ಒಳಗೆ ಬಿಡುತ್ತಿದ್ದರು, ವರ್ಷಕ್ಕೆ ಅದೊಂದೇ ದಿನ, ಆರು ವರ್ಷದ ಅವಳನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಒಯ್ದಿದ್ದ, ಯಂತ್ರಗಳೆಲ್ಲ ಮಿಂದು ಬಾಳೆಕಂದು ಕಟ್ಟಿಕೊಂಡು ನಿಂತಿವೆ, ತೆಲುಗಿನವರು ಚಕ್ರಕ್ಕೆ ಕುಂಬಳಕಾಯಿ ಒಡೆಯುತ್ತಾರೆ, ತಮಿಳಿನವರು ಲೇತಿಗೆ ವಿಭೂತಿ ಎಳೆಯುತ್ತಾರೆ, ಎಲ್ಲರೂ ಎಲ್ಲರಿಗೂ ಪುರಿ ಹಂಚುತ್ತಾರೆ, ಅಪ್ಪ ಮಾತ್ರ ಕ್ರೇನಿನ ಮೇಲಿನ ಕ್ಯಾಬಿನ್ನಿಗೆ ಬೊಟ್ಟು ಇಡದೆ, ಕೊಕ್ಕೆಯನ್ನು ನೆಲದ ತನಕ ಇಳಿಸಿ, ಅದರ ಬಾಗಿದ ಹೊಟ್ಟೆಗೆ ಉಂಗುರದ ಬೆರಳಲ್ಲಿ ಅರಿಶಿನ ಹಚ್ಚಿದ, ಕೆಲಸ ಮಾಡೋ ಜಾಗಕ್ಕೆ ಇಡ್ಬೇಕು ಜಗಾ, ಕ್ಯಾಬಿನ್ನಿಗೆ ಇಟ್ರೆ ಏನು ಬಂತು. ಅದು ರಕ್ತದಲ್ಲಿ ಇಳಿದ ಮಾತು. ಈ ಸಲ ಹಬ್ಬದ ಬೆಳಿಗ್ಗೆ ಅವಳು ಲ್ಯಾಬಿಗೆ ಬಂದಳು, ಯಾರೂ ಇರಲಿಲ್ಲ, ಸರ್ ಕಟ್ಟಪ್ಪಣೆ ಹೊರಡಿಸಿದ್ದರು, ಬಾಗಿಲಿಗೆ ಬೇಕಾದ್ರೆ ಮಾವಿನೆಲೆ ಕಟ್ಟಿ, ಟೇಬಲ್ ಹತ್ರ ಒಂದು ಚಿಟಿಕೆ ಕುಂಕುಮ ತಂದ್ರೂ ನಾನು ಸುಮ್ನಿರಲ್ಲ, ಇದು ಲ್ಯಾಬು, ಗುಡಿ ಅಲ್ಲ — ಸರಿಯೇ, ಅವಳೂ ಮಕ್ಕಳಿಗೆ ಅದನ್ನೇ ಹೇಳುತ್ತಾಳೆ, ಆದರೆ ಈ ಯಂತ್ರ ಸೆಪ್ಟೆಂಬರಿನಲ್ಲಿ ಕೈ ಹಿಡಿದದ್ದು, ಬರಿಗೈಲಿ ನೋಡಿ ಹೋಗಲು ಮನಸ್ಸಾಗಲಿಲ್ಲ, ಗಾಜಿಗೆ ತಾಗಬಾರದೆಂದು ಎಷ್ಟು ಜಾಗರೂಕತೆ, ಲೆನ್ಸಿನ ಹಿತ್ತಾಳೆ ಬಳೆಯ ಮೇಲೆ ಮನೆಯಿಂದ ತಂದ ಅರಿಶಿನದ ಒಂದೇ ಒಂದು ಬೊಟ್ಟು, ಕೆಲಸ ಮಾಡುವ ಜಾಗಕ್ಕೆ, ಅಪ್ಪ ಇಟ್ಟ ಹಾಗೆ. ಬೊಟ್ಟು ಒಣಗಿತು, ಹಿತ್ತಾಳೆಯ ಹಳದಿಯಲ್ಲಿ ಬೆರೆತು ಮರೆತೇಹೋಯಿತು, ಪುಡಿ ಉದುರಿತು, ಗಾಜಿನ ಅಂಚಿಗೆ ಕೂತಿತು, ಲೇಸರು ತಟ್ಟಿದಾಗಲೆಲ್ಲ ಕಂಬದೊಳಗಿನ ಚುಕ್ಕೆ ಒಂದು ಫೋಟಾನ್ ಕೊಟ್ಟರೆ ಅರಿಶಿನ ಲೆಕ್ಕವಿಲ್ಲದಷ್ಟು ಕೊಟ್ಟಿತು, ಡಿಟೆಕ್ಟರುಗಳು ಪಾಪ, ಯಾವುದು ಯಾರದೆಂದು ಅವಕ್ಕೇನು ಗೊತ್ತು, ಎರಡೂ ಒಟ್ಟಿಗೆ ಟಕ್ ಅಂದವು, ನಡುವಿನ ಗುಡ್ಡ ಎದ್ದಿತು. ಅಂಗಡಿ ಅರಿಶಿನವಾಗಿದ್ದರೆ ಕಲಬೆರಕೆ, ಇಷ್ಟು ಬೆಳಗುತ್ತಿರಲಿಲ್ಲವೇನೋ, ಅಮ್ಮ ಹಿತ್ತಲಲ್ಲಿ ಬೆಳೆದು ಬೇಯಿಸಿ ಒಣಗಿಸಿ ಮುಂದೆ ನಿಂತು ಬೀಸಿಸಿದ್ದು, ಅಪ್ಪಟ ಮಾಲು.

ಒರೆಸಿದ್ದು ಹನ್ನೊಂದು ಗಂಟೆಗೆ, ಹತ್ತಿ ಕಡ್ಡಿಗೆ ಅಸಿಟೋನ್ ಅದ್ದಿ, ಉಸಿರು ಬಿಗಿಹಿಡಿದು, ಲೆನ್ಸಿನ ಬಳೆಯ ಮೇಲೆ ಒಂದು ಕಲೆ, ಸ್ಯಾಂಪಲಿನ ತಣ್ಣನೆ ಡಬ್ಬಿಗೆ ಕಿಟಕಿಯ ಹಾಗೊಂದು ಗಾಜಿದೆ, ಅದರ ಬಳೆಯ ಕೆಳಗೆ ಇನ್ನೊಂದು ಕಲೆ, ಮೇಲಿನದು ಹರಿದು ಇಳಿದಿರಬೇಕು, ಕಡ್ಡಿ ಹಳದಿಯಾಯಿತು, ಇನ್ನೊಂದು ಕಡ್ಡಿ, ಇನ್ನೊಂದು, ಲೇಸರಿಗೆ ಹಿಡಿದು ಮೂಲೆಮೂಲೆ ನೋಡಿದಳು, ಹಸಿರು ಎಲ್ಲೂ ಹೊತ್ತಲಿಲ್ಲ. ಆಮೇಲೆ ಲಿಕ್ವಿಡ್ ನೈಟ್ರೋಜನ್, ಚುಕ್ಕೆ ಬಿಸಿಯಲ್ಲಿ ಕೆಲಸ ಮಾಡದು, ಊರಲ್ಲಿ ಅದು ಸಿಗುವುದು ದನದ ಆಸ್ಪತ್ರೆಯಲ್ಲಿ ಮಾತ್ರ, ಹೋರಿಗಳ ಬೀಜ ಕೆಡದ ಹಾಗೆ ಇಡಲು ತರಿಸುತ್ತಾರೆ, ಡಾಕ್ಟರು ಒಳ್ಳೆಯವರು, ಮಿಕ್ಕಿದ್ದನ್ನು ಎರಡು ಲೀಟರು ಕೊಡುತ್ತಾರೆ, ಉಜ್ಜನಪ್ಪ ಮೊಪೆಡ್ಡಿನ ಮುಂದೆ ಕ್ಯಾನು ಇಟ್ಟುಕೊಂಡು ಹೊಗೆ ಬಿಡುತ್ತ ಬರುವುದನ್ನು ನೋಡಿ ದಾರಿಯವರು ಬದಿಗೆ ಸರಿಯುತ್ತಾರೆ. ಇವತ್ತು ಕೊಡುವಾಗ ಉಜ್ಜನಪ್ಪ ಅವಳ ಮುಖ ನೋಡಿದರು, ಇವತ್ತು ಆಗ್ತದಾ ಮೇಡಮ್ಮೋರೆ. ಆಗ್ಬೇಕು ಉಜ್ಜನಪ್ಪನವರೆ, ನಾಲ್ಕು ಗಂಟೆ ತನಕ ಯಾರನ್ನೂ ಒಳಗೆ ಬಿಡ್ಬೇಡಿ. ಪ್ರಿನ್ಸಿಪಾಲ್ರು ಬಂದ್ರೆ. ಅವರನ್ನೂ. ಹಂಗಾದ್ರೆ ಬಾಗ್ಲಿಗೆ ಅಡ್ಡ ಮಲ್ಗಿಬಿಡ್ತೀನಿ ಬಿಡಿ, ಎಂದು ಸ್ಟೂಲು ಎಳೆದುಕೊಂಡು ಹೊರಗೆ ಕೂತರು, ಈಗಲೂ ಕೂತಿದ್ದಾರೆ, ಯಾರೊಂದಿಗೋ ವಾದ ಮಾಡುತ್ತಿರುವುದು ಕೇಳುತ್ತದೆ, ಫೋಟಾನ್ ಬರ್ತಾ ಇದೆ, ಆಮೇಲೆ ಬನ್ನಿ, ಎನ್ನುತ್ತಿದ್ದಾರೆ, ಬಸ್ಸು ಬರ್ತಾ ಇದೆ ಎಂದಷ್ಟೇ ಸಲೀಸಾಗಿ. ಐವತ್ತೆರಡು, ಐವತ್ತು, ಐವತ್ತೈದು, ನಡುವೆ ಆರು.

ಮೂರು ಗಂಟೆ ಐದು ನಿಮಿಷಕ್ಕೆ ಫ್ಯಾನು ನಿಂತಿತು. ಗೊತ್ತಿದ್ದದ್ದೇ, ಈ ವಾರ ಮೂರರಿಂದ ಕರೆಂಟು ತೆಗೆಯುತ್ತಾರೆ, ಯುಪಿಎಸ್ ಪೀಂ ಎಂದು ಶುರು ಮಾಡಿತು, ಹತ್ತು ಎಣಿಸಿದರೆ ಒಂದು ಪೀಂ, ಹೊಸದರಲ್ಲಿ ಒಂದು ಗಂಟೆ ಎಳೆಯುತ್ತಿತ್ತು, ಈಗ ಮುಕ್ಕಾಲು ಗಂಟೆ, ಎಳೆದರೆ. ಪ್ರಿಂಟರು ಕಿತ್ತಳು, ಇನ್ನೊಂದು ಕಂಪ್ಯೂಟರು ಕಿತ್ತಳು, ಕತ್ತಲಲ್ಲಿ ಪ್ಲಗ್ಗುಗಳನ್ನು ಕೈಯಲ್ಲೇ ಗುರುತು ಹಿಡಿಯುತ್ತ, ಲೇಸರು, ಎರಡು ಡಿಟೆಕ್ಟರು, ಎಣಿಸುವ ಕಂಪ್ಯೂಟರು, ಇಷ್ಟೇ ಉಳಿಯಲಿ, ನಡುವೆ ನಿಂತರೆ ಮತ್ತೆ ಎಲ್ಲ ಜೋಡಿಸಿ ಶುರು ಮಾಡುವಷ್ಟು ಹೊತ್ತಿಲ್ಲ, ನೈಟ್ರೋಜನ್ನೂ ಇಲ್ಲ, ಪೀಂ, ಅರವತ್ತಕ್ಕೆ ಏಳು, ಬೆವರು ಕನ್ನಡಕದ ಒಳಗೆ ಇಳಿಯುತ್ತದೆ, ಪೀಂ, ಅಪ್ಪ ಹೇಳುತ್ತಿದ್ದ, ಬಾನಿ ಎತ್ತಿದ ಮೇಲೆ ಕರೆಂಟ್ ಹೋದ್ರೆ ಏನ್ಮಾಡ್ತಿದ್ದೆ ಅಂತ ಕೇಳ್ತೀಯಲ್ಲ, ಸುಮ್ನೆ ಕೂತ್ಕೋತಿದ್ದೆ, ಗಾಬರಿಬಿದ್ದು ಕೈ ಆಡ್ಸಿದ್ರೆ ಕೆಳಗಿದ್ದೋರು ಸಾಯ್ತಾರೆ, ಬ್ರೇಕ್ ತನ್ನ ಕೆಲಸ ತಾನು ಮಾಡ್ತದೆ, ನೀನು ಕೈ ಕಟ್ಕೊಂಡಿರು. ಕೈ ಕಟ್ಟಿಕೊಂಡಳು. ಪೀಂ. ಅರವತ್ತೆಂಟು, ಅರವತ್ತೈದು, ಎಪ್ಪತ್ತು, ಎಡಬಲದ ಗುಡ್ಡಗಳು ಈಗ ನಿಜಕ್ಕೂ ಗುಡ್ಡಗಳ ಹಾಗಿವೆ, ನಡುವೆ ನೆಲ, ಬರಿಯ ನೆಲ, ಎಂಟು ಕಾಳು ಚೆಲ್ಲಿದ ನೆಲ. ಗೆದ್ದೆ, ಗೆದ್ದಿದ್ದೇನೆ, ಯಾರಿಗೂ ಕೇಳಿಸದ ಹಾಗೆ ಒಳಗೇ ಹೇಳಿಕೊಂಡಳು, ಆಮೇಲೆ ಕೇಳಿಸಿದರೆ ಏನಾಗುತ್ತದೆ ಎಂದು ಬಾಯಿಬಿಟ್ಟೇ ಹೇಳಿದಳು, ಹೊರಗಿನಿಂದ ಉಜ್ಜನಪ್ಪ, ಕರೆದ್ರಾ ಮೇಡಮ್ಮೋರೆ. ಇಲ್ಲ ಇಲ್ಲ. ಖುಷಿ ಎಂದರೆ ಇಷ್ಟು ಹಗುರ ಇರುತ್ತದೆಂದು ಮರೆತೇಹೋಗಿತ್ತು, ಸೆಪ್ಟೆಂಬರಿನದಕ್ಕಿಂತ ಚೆನ್ನಾಗಿದೆ ಇದು, ಇದು ಅವಳು ಹುಡುಕಿ ತಂದದ್ದು. ಆದರೆ ಸರ್ ಬರುತ್ತಾರೆ, ಏನು ಬದಲಾಯಿಸಿದೆ ಎಂದು ಕೇಳುತ್ತಾರೆ, ಲೆನ್ಸ್ ಒರೆಸಿದೆ ಸರ್ ಎಂದರೆ ಸಾಕು, ಸುಳ್ಳಲ್ಲ, ಧೂಳಿತ್ತು ಎಂದರೂ ನಡೆಯುತ್ತದೆ, ಅರಿಶಿನ ಎಂದರೆ ಮಾತ್ರ ಎರಡು ವರ್ಷ ಡಿಪಾರ್ಟ್‌ಮೆಂಟಿನಲ್ಲಿ ಅದೇ ನಗೆ, ಬೇಡ ಅಂದದ್ದನ್ನು ಮಾಡಿ ಇಪ್ಪತ್ತಾರು ದಿನ ಹಾಳುಮಾಡಿದವಳು, ಪೀಂ — ಅಂಕಿ ತಿದ್ದಲಿಲ್ಲ ಎಂದು ಸಾಬೀತು ಮಾಡಲು ಕೂತವಳು ಅಂಕಿಯ ಕಾರಣವನ್ನು ತಿದ್ದುವುದೇ, ಇಲ್ಲ, ಹೇಳುತ್ತಾಳೆ, ಬೈದರೆ ಬೈಯಲಿ. ಫ್ಯಾನು ಗಿರ್ರೆಂದು ತಿರುಗಿತು. ಕರೆಂಟು ಬಂತು, ಪೀಂ ನಿಂತಿತು, ಮೂರೂ ನಲವತ್ತು.

ಬಾಗಿಲ ಆಚೆ ಸ್ಕೂಟರಿನ ಸದ್ದು, ಉಜ್ಜನಪ್ಪನವರ ದನಿ, ನಾಲ್ಕಾಗ್ಲಿಲ್ಲ ಸಾರ್, ಮೇಡಮ್ಮೋರು ಬಿಡ್ಬೇಡ ಅಂದಿದಾರೆ, ಸರ್ ಅವರ ದನಿ, ನನ್ನ ಲ್ಯಾಬಿಗೆ ನನ್ನನ್ನೇ ಬಿಡಲ್ವೇನಯ್ಯ, ನಾಲ್ಕಾಗ್ಲಿ ಸಾರ್, ಕೂತ್ಕೊಳಿ, ಮತ್ತು ಏನಾಶ್ಚರ್ಯ, ಸರ್ ಕೂತರು, ಹತ್ತು ನಿಮಿಷ ಹೊರಗೇ ಕೂತರು, ಆ ಹತ್ತು ನಿಮಿಷದಲ್ಲಿ ಗುಡ್ಡಗಳು ಎಂಬತ್ತು ದಾಟಿದವು, ಜಗದಾಂಬಾ ಎದ್ದು ಗೋಣಿ ಸರಿಸಿ ಬಾಗಿಲು ತೆಗೆದಳು, ಬನ್ನಿ ಸರ್, ಬೇಗ, ಬೆಳಕು ಬರ್ತದೆ. ಸರ್ ಕತ್ತಲಿಗೆ ಕಣ್ಣು ಹೊಂದುವ ತನಕ ನಿಂತರು, ಆಮೇಲೆ ಪರದೆಗೆ ಬಾಗಿದರು, ಕನ್ನಡಕ ಹಣೆಗೆ, ಕನ್ನಡಕ ಕೆಳಗೆ, ಸ್ಯಾಂಪಲ್ ಕಳಿಸುವ ಖಾಲಿ ಡಬ್ಬಿ ಕೈಯಲ್ಲೇ ಇದೆ, ಅವರ ಉಸಿರು ಕೇಳುತ್ತದೆ, ಎಷ್ಟು ಹೊತ್ತಿನ ರನ್ ಇದು. ಮೂರು ಗಂಟೆ ಸರ್, ಫೈಲು ತಾರೀಖು ಟೈಮು ಸಮೇತ ಇದೆ. ಆ ಮಾತು ತಾಗಿತು, ತಾಗಲಿ ಎಂದೇ ಹೇಳಿದ್ದು, ಅವರು ತಿರುಗಲಿಲ್ಲ, ಏನ್ ಬದಲಾಯಿಸ್ದೆ. ದನಿ ಗಟ್ಟಿಯಾಗಿಯೇ ಬಂತು, ಅರಿಶಿನ ಒರೆಸ್ದೆ ಸರ್, ಆಯುಧಪೂಜೆ ದಿನ ನಾನೇ ಲೆನ್ಸಿನ ಬಳೆಗೆ ಬೊಟ್ಟು ಇಟ್ಟಿದ್ದೆ, ನೀವು ಬೇಡ ಅಂದಿದ್ರಿ, ಆದ್ರೂ ಇಟ್ಟೆ, ಅದು ಲೇಸರಿಗೆ ಹಸಿರು ಹೊಳೀತದೆ, ನೋಡಿ. ಒರೆಸಿ ಎತ್ತಿಟ್ಟಿದ್ದ ಹತ್ತಿ ಕಡ್ಡಿ ತಂದಳು, ಇನ್ನೊಂದು ಕನ್ನಡಕ ಅವರ ಕೈಗೆ ಕೊಟ್ಟಳು, ಕಂಬದ ಮೇಲಿದ್ದ ಬೆಳಕನ್ನು ಇತ್ತ ಹೊರಳಿಸಿ ಕಡ್ಡಿಯನ್ನು ಅಡ್ಡ ಹಿಡಿದಳು, ಇಷ್ಟಗಲ ಹಸಿರು ಅವರಿಬ್ಬರ ಮುಖದ ನಡುವೆ ಹೊತ್ತಿಕೊಂಡಿತು. ಬೈಯಲಿಲ್ಲ. ಸರ್ ಕೇಳಿದ್ದು ಇಷ್ಟೇ, ಎಷ್ಟು ಕಡೆ ಇತ್ತು. ಎರಡು ಕಡೆ ಸರ್, ಲೆನ್ಸಿನ ಬಳೆ ಮೇಲೊಂದು, ಡಬ್ಬಿ ಕಿಟಕಿ ಬಳೆ ಕೆಳಗೊಂದು, ಮೇಲಿಂದು ಹರಿದು ಇಳಿದಿತ್ತೇನೋ. ಇಳಿದಿಲ್ಲ, ಅಂದರು ಚಂದ್ರಹಾಸ ಸರ್, ಕನ್ನಡಕ ತೆಗೆದು ಶರ್ಟಿನ ಅಂಚಿನಲ್ಲಿ ಒರೆಸುತ್ತ, ಅವಳ ಮುಖ ನೋಡದೆ, ಕಿಟಕಿ ಕೆಳಗಿನದ್ದು ನಂದು, ಹಬ್ಬದ ದಿನ ಸಾಯಂಕಾಲ ಬಂದಿದ್ದೆ.

ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು, ನುಂಗಿದ್ದು ನಗುವಾಗಿ ಮೂಗಿನಿಂದ ಬಂತು, ಅವರೂ ನಕ್ಕರು, ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟರು ಸಿಕ್ಕಿಬಿದ್ದ ಕಳ್ಳನ ಹಾಗೆ ನಗುವುದನ್ನು ಅವಳು ನೋಡಿದ್ದು ಇದೇ ಮೊದಲು, ಅಷ್ಟು ಚೆಂದದ ಗ್ರಾಫ್ ಕಣಮ್ಮ ಅದು, ಸೆಪ್ಟೆಂಬರಿಂದು, ಸುಮ್ನೆ ಹೆಂಗಿರೋದು. ಆಮೇಲೆ ನಗು ಇಳಿಯಿತು, ಆ ಫೈಲ್ ಕೇಳಬಾರ್ದಿತ್ತು ನಾನು, ನಿನ್ ಮೇಲೆ ಅನುಮಾನ ಪಟ್ಟೆ, ತಪ್ಪು ನಂದು. ಅವಳು ಪರವಾಗಿಲ್ಲ ಸರ್ ಎನ್ನಲಿಲ್ಲ, ಪರವಾಗಿತ್ತು, ಇಪ್ಪತ್ತಾರು ದಿನ ಪರವಾಗಿತ್ತು, ಸುಮ್ಮನೆ ತಲೆಯಾಡಿಸಿದಳು, ಆ ತಪ್ಪೊಪ್ಪಿಗೆಯನ್ನು ಪೂರ್ತಿ ತನ್ನದಾಗಿ ಇಟ್ಟುಕೊಳ್ಳುತ್ತ. ಥೀಸಿಸ್‌ನಲ್ಲಿ ಬರೀತೀನಿ ಸರ್. ಬರಿ, ಎರಡೂ ಬೊಟ್ಟು ಬರಿ, ಯಾರ್ಯಾರದು ಅಂತನೂ ಬರಿ, ಎಂದು ಸರ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೊರಿಯರ್ ಬರೋದು ನಾಳೆ ಹತ್ತಕ್ಕೆ ತಾನೆ, ನೈಟ್ರೋಜನ್ ಇದೆಯಾ ಇನ್ನೂ, ಮೂರು ಸಲ ಆಗ್ಬೇಕಲ್ಲ, ಇದು ಎರಡನೇದು, ಉಜ್ಜನಪ್ಪ, ದನದ ಡಾಕ್ಟರ್ ಮನೆ ಎಲ್ಲಯ್ಯ, ನಾನೇ ಹೋಗಿ ಕೇಳ್ತೀನಿ, ಹೊರಗೆ ಸ್ಕೂಟರು ಒದೆಯುವ ಸದ್ದು, ಒಂದು, ಎರಡು, ಮೂರನೆಯದಕ್ಕೆ ಹತ್ತಿತು, ಹೋಯಿತು. ಬೆಳಕನ್ನು ಮತ್ತೆ ಕಂಬದ ಮೇಲೆ ಕೂರಿಸಿ ಅವಳು ಸ್ಟೂಲಿಗೆ ಬಂದಳು, ಅಪ್ಪನಿಗೆ ಫೋನು ಮಾಡಬೇಕು, ಒಬ್ಬಳೇ ಅಪ್ಪ, ಒಂದೇ ಮನೆಗೇ ಹೋದದ್ದು, ಅಮ್ಮನ ಬೆರಳು ಹೇಗಿದೆ ಕೇಳಬೇಕು, ಆಮೇಲೆ, ಇನ್ನೊಂದು ಬಿತ್ತು ಎಡಕ್ಕೆ, ಬಲಕ್ಕೆ ಎರಡು, ನಾನು ಸುಳ್ಳು ಹೇಳಿರಲಿಲ್ಲ, ಎಡಕ್ಕೆ ಒಂದು, ಬಲಕ್ಕೆ ಒಂದು, ಎಡಕ್ಕೆ, ಮೂರು ಗುಡ್ಡ, ಮೂರು ಗುಡ್ಡ, ನಡುವೆ ನೆಲ, ಬಲಕ್ಕೆ ಒಂದು, ನಡುವೆ ನೆಲ, ನಡುವೆ —